ಬೆರಳಿನ ಮಸಿ, ಠಾಣೆಯ ದಫ್ತರ

(ಬಿನ್ನಿಪೇಟೆಯಲ್ಲಿ ಕಾರ್ಮಿಕರೂ ಸಣ್ಣ ವರ್ತಕರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಪೋಲೀಸರು ಒಬ್ಬ ಮನುಷ್ಯನನ್ನು "ಇವನೇ" ಎಂದು ಗುರುತು ಹಿಡಿಯುವುದು ಹೇಗೆ, ಹಾಗೆ ಹಿಡಿದ ಗುರುತನ್ನು ಆಮೇಲೆ ಏನು ಮಾಡುತ್ತಾರೆ, ಈ ಎರಡು ಪ್ರಶ್ನೆಗಳನ್ನು ಕುರಿತು ಮಾತನಾಡಬೇಕೆಂದು ನನಗೆ ಹೇಳಿದ್ದಾರೆ. ಇದು ಕಳ್ಳಕಾಕರಿಗೆ ಸಂಬಂಧಪಟ್ಟ ವಿಷಯ, ನಮಗೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ತೋರಬಹುದು. ಬಿನ್ನಿಪೇಟೆಯವರಿಗೆ ಹಾಗೆ ತೋರಬಾರದು. ಈ ಪೇಟೆಗೆ ಹೆಸರು ಕೊಟ್ಟ ಮಿಲ್ಲು 1884ರಲ್ಲಿ ಆರಂಭವಾದದ್ದು. ಆ ಮಿಲ್ಲು ಈಗಿಲ್ಲ. ಅದರ ಜಾಗದಲ್ಲಿ ಮಾಲು, ಬಹುಮಹಡಿ ಮನೆಗಳು ಎದ್ದಿವೆ. ಓದು ಬಾರದ ಕೆಲಸಗಾರ ಸಂಬಳದ ಪಟ್ಟಿಗೆ ಹೆಬ್ಬೆಟ್ಟು ಒತ್ತಿದ ಕಾಲ ಹೋಗಿ, ಅವನ ಮೊಮ್ಮಗಳು ಗಾರ್ಮೆಂಟ್ಸ್ ಗೇಟಿನಲ್ಲಿ ಯಂತ್ರಕ್ಕೆ ಬೆರಳು ತೋರಿಸಿ ಒಳಗೆ ಹೋಗುವ ಕಾಲ ಬಂದಿದೆ. ರೇಷನ್ ಅಂಗಡಿಯಲ್ಲಿ ಬೆರಳು, ಬ್ಯಾಂಕಿನಲ್ಲಿ ಬೆರಳು, ಸಿಮ್ ಕೊಳ್ಳುವಾಗ ಬೆರಳು. ದುಡಿದು ಸವೆದ ಬೆರಳಿನ ಗೆರೆ ಯಂತ್ರಕ್ಕೆ ಕಾಣದೆ ಅಕ್ಕಿ ಸಿಗದೆ ಹಿಂದಿರುಗಿದ ಮುದುಕಿಯರು ನಿಮ್ಮ ಬೀದಿಗಳಲ್ಲೇ ಇದ್ದಾರೆ. ಆದಕಾರಣ ಬೆರಳಿನ ಮಾತು ನಮ್ಮ ಮಾತೇ.

ಈ ವಿದ್ಯೆ ಹುಟ್ಟಿದ್ದೂ ಕೂಲಿ ಗುತ್ತಿಗೆಯ ವ್ಯವಹಾರದಲ್ಲೇ ಎಂಬುದು ತಮಾಷೆಯ ಸಂಗತಿ. 1858ರಲ್ಲಿ ಬಂಗಾಳದ ಅಧಿಕಾರಿ ವಿಲಿಯಂ ಹರ್ಷೆಲ್ ಎಂಬಾತ, ರಸ್ತೆಗೆ ಕಂಕರು ಒದಗಿಸುವ ರಾಜ್ಯಧರ ಕೊನಾಯಿ ಎಂಬ ಗುತ್ತಿಗೆದಾರನ ಅಂಗೈಗೆ ಮಸಿ ಬಳಿದು ಕರಾರಿನ ಕಾಗದದ ಮೇಲೆ ಒತ್ತಿಸಿಕೊಂಡ. ಕೊಟ್ಟ ಮಾತಿಗೆ ಮುಂದೆ ಅವನು ತಪ್ಪದಿರಲಿ ಎಂಬುದು ಉದ್ದೇಶ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿ ತೆರೆಯಿತು. ಅಲ್ಲಿ ಕೆಲಸ ಮಾಡುತ್ತಿದ್ದ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ಇಬ್ಬರು ಅಚ್ಚುಗಳನ್ನು ವಿಂಗಡಿಸುವ ಕ್ರಮವನ್ನು ಕಟ್ಟಲು ಶ್ರಮಿಸಿದರು. ಆ ಕ್ರಮಕ್ಕೆ ಉಳಿದ ಹೆಸರು ಮಾತ್ರ ಅವರ ಮೇಲಧಿಕಾರಿ ಹೆನ್ರಿಯದು. ಕೆಲಸ ಕೆಳಗಿನವರದು, ಹೆಸರು ಮೇಲಿನವರದು. ಈ ರೂಢಿಯನ್ನು ನಿಮಗೆ ನಾನು ವಿವರಿಸಬೇಕಾಗಿಲ್ಲ.

ಅದೇ ಮಸಿ ಬಹುಬೇಗ ಬೇರೆ ಕೆಲಸಕ್ಕೂ ತಿರುಗಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಕೆಲವು ಜಾತಿಗಳಲ್ಲಿ ಹುಟ್ಟಿದವರನ್ನೇ ಅಪರಾಧಿಗಳೆಂದು ಪಟ್ಟಿಗೆ ಸೇರಿಸಿತು. ಮುಂದೆ ಆ ಕಾಯಿದೆ ತಿದ್ದುಪಡಿಯಾಗಿ, ಪಟ್ಟಿಯಲ್ಲಿದ್ದವರ ಬೆರಳಚ್ಚನ್ನು ಯಾವಾಗ ಬೇಕಾದರೂ ತೆಗೆಯಬಹುದೆಂದಾಯಿತು. ಕಳ್ಳತನ ಮಾಡಿದ್ದಾನೆಯೇ ಎಂದು ಯಾರೂ ಕೇಳಲಿಲ್ಲ. ಯಾರ ಮಗ ಎಂದು ಕೇಳಿದರು. ಆ ಕಾಯಿದೆ 1952ರಲ್ಲಿ ರದ್ದಾಯಿತು. ಹುಬ್ಬಳ್ಳಿ, ಗದಗಗಳಲ್ಲಿ ಅಂಥವರನ್ನು ತಂತಿಬೇಲಿಯೊಳಗೆ ಕೂಡಿದ್ದ ಜಾಗಗಳಿಗೆ ಸೆಟ್ಲಮೆಂಟು ಎಂಬ ಹೆಸರು ಮಾತ್ರ ಇನ್ನೂ ಅಂಟಿಕೊಂಡಿದೆ. ದಫ್ತರಕ್ಕೆ ಒಮ್ಮೆ ಸೇರಿದ ಹೆಸರನ್ನು ಅಳಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಇಷ್ಟು ಹೇಳಿ, ಬೆರಳಚ್ಚು ಸುಳ್ಳು ವಿದ್ಯೆ ಎಂದು ನಾನು ಹೇಳುತ್ತಿಲ್ಲ. ಇಬ್ಬರ ಬೆರಳಿನ ಗೆರೆ ಒಂದೇ ಆಗಿರುವುದು ಇದುವರೆಗೆ ಕಂಡಿಲ್ಲ. ತಪ್ಪಿತಸ್ಥನನ್ನು ಹಿಡಿಸಿಕೊಟ್ಟಂತೆಯೇ, ಅನ್ಯಾಯವಾಗಿ ಸಿಕ್ಕಿಬಿದ್ದವನನ್ನು ಬಿಡಿಸಿದ ಕೀರ್ತಿಯೂ ಅದಕ್ಕಿದೆ. ಕಷ್ಟವಿರುವುದು ಬೇರೆ ಕಡೆ. ಠಾಣೆಯಲ್ಲಿ ಮಸಿ ಬಳಿದು ಹತ್ತು ಬೆರಳನ್ನೂ ಹೊರಳಿಸಿ ತೆಗೆಯುವ ಅಚ್ಚು ಪೂರ್ಣವಾದದ್ದು, ಸ್ಪಷ್ಟವಾದದ್ದು. ಕಳ್ಳತನವಾದ ಮನೆಯ ಬೀರುವಿನ ಮೇಲೆ ಸಿಗುವುದು ಬೆವರಿನ ಒಂದು ಚೂರು ಗುರುತು. ಅರ್ಧ ಒರಸಿದ್ದು, ಒಂದರ ಮೇಲೊಂದು ಬಿದ್ದದ್ದು. ಆ ಚೂರು ಈ ಪೂರ್ಣದ್ದೇ ಎಂದು ಹೇಳುವವನು ಮನುಷ್ಯ. ಮನುಷ್ಯನ ಕಣ್ಣು ತಪ್ಪುತ್ತದೆ. 2004ರ ಮಾರ್ಚಿಯಲ್ಲಿ ಸ್ಪೇನಿನ ಮ್ಯಾಡ್ರಿಡ್ ನಗರದ ರೈಲುಗಳಲ್ಲಿ ಬಾಂಬು ಸಿಡಿದಾಗ, ಅಲ್ಲಿ ಸಿಕ್ಕ ಒಂದು ಚೀಲದ ಮೇಲಿನ ಬೆರಳಚ್ಚನ್ನು ನೋಡಿ ಅಮೆರಿಕದ ಎಫ್.ಬಿ.ಐ. ತಜ್ಞರು ಆರಿಗನ್ ರಾಜ್ಯದ ಬ್ರಾಂಡನ್ ಮೇಫೀಲ್ಡ್ ಎಂಬ ವಕೀಲರದೇ ಅದು, ಸಂಶಯವೇ ಇಲ್ಲ ಎಂದರು. ಅವರನ್ನು ಎರಡು ವಾರ ಸೆರೆಯಲ್ಲಿಟ್ಟರು. ಸ್ಪೇನಿನ ಪೋಲೀಸರು ಮೊದಲಿನಿಂದಲೂ ಒಪ್ಪದೆ, ಕೊನೆಗೆ ಅದು ಅಲ್ಜೀರಿಯದ ಬೇರೊಬ್ಬನದೆಂದು ತೋರಿಸಿದರು. ಅಮೆರಿಕದ ಸರ್ಕಾರ ಕ್ಷಮೆ ಕೇಳಿ ಇಪ್ಪತ್ತು ಲಕ್ಷ ಡಾಲರ್ ಪರಿಹಾರ ಕೊಟ್ಟಿತು. ಪ್ರಪಂಚದ ಅತಿ ದೊಡ್ಡ ಪ್ರಯೋಗಾಲಯದಲ್ಲಿ, ವಕೀಲನೊಬ್ಬನ ವಿಷಯದಲ್ಲಿ ಹೀಗಾಯಿತು. ಲಾಯರಿಗೆ ಫೀಜು ಕೊಡಲಾಗದ ನಮ್ಮ ಕೈಗಾಡಿಯವನ ವಿಷಯದಲ್ಲಿ ಯಾವ ದೇಶದ ಪೋಲೀಸರು ಬಂದು "ಅಲ್ಲ" ಎನ್ನುತ್ತಾರೆ?

ಅವನಿಗೆ ಇರುವ ಆಸರೆ ಒಂದೇ, ಕ್ರಮ. ವಸ್ತುವನ್ನು ಯಾರು ಎತ್ತಿದರು, ಯಾವ ಪಂಚರ ಮುಂದೆ ಮಹಜರಾಯಿತು, ಅರಗಿನ ಮೊಹರು ಹಾಕಿದರೇ, ಮೊಹರು ಹಾಕಿದ್ದು ಎಲ್ಲಿತ್ತು, ಪ್ರಯೋಗಾಲಯಕ್ಕೆ ಯಾವತ್ತು ಹೋಯಿತು ಎಂಬ ಈ ಒಣ ಪ್ರಶ್ನೆಗಳೇ ಬಡವನ ವಕೀಲ. ಎರಡು ಮೊಕದ್ದಮೆಗಳನ್ನು ಹೇಳುತ್ತೇನೆ, ದಯಮಾಡಿ ಗಮನವಿಟ್ಟು ಕೇಳಿ.

ಒಂದು ರಾಜಸ್ಥಾನದ್ದು, ಮಹಮ್ಮದ್ ಅಮಾನ್ ಎಂಬವರ ಹೆಸರಿನಲ್ಲಿ 1997ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ್ದು. ಕೊಲೆಯಾದ ಮನೆಯಲ್ಲಿ ಒಂದು ಹಿತ್ತಾಳೆಯ ಹೂಜಿ ಸಿಕ್ಕಿತು. ಅದರ ಮೇಲೆ ಆಪಾದಿತನ ಬೆರಳಚ್ಚು ಇದೆಯೆಂದು ತಜ್ಞರು ಹೇಳಿದರು. ಅಷ್ಟಾದ ಮೇಲೆ ಇನ್ನೇನು ಬೇಕು ಎಂದು ನೀವೂ ನಾನೂ ಹೇಳಿಬಿಡುತ್ತಿದ್ದೆವು. ನ್ಯಾಯಾಲಯ ಹಾಗೆ ಹೇಳಲಿಲ್ಲ. ಆ ಹೂಜಿ ಸಕಾರಣವಿಲ್ಲದೆ ಐದು ದಿನ ಠಾಣೆಯಲ್ಲೇ ಇತ್ತು. ಹೋಲಿಸಿ ನೋಡಲು ಬೇಕಾದ ಮಾದರಿ ಅಚ್ಚನ್ನು ಮ್ಯಾಜಿಸ್ಟ್ರೇಟರ ಮುಂದೆ ತೆಗೆದಿರಲಿಲ್ಲ. ಹೂಜಿಯೂ ಠಾಣೆಯಲ್ಲಿ, ಆಪಾದಿತನ ಬೆರಳೂ ಠಾಣೆಯಲ್ಲಿ; ಎರಡೂ ಅಲ್ಲಿ ಭೇಟಿಯಾಗಲಿಲ್ಲ ಎಂದು ಯಾರು ಹೇಳಬೇಕು? ಪೋಲೀಸರು ಹಾಗೆ ಮಾಡಿದರೆಂದು ಕೋರ್ಟು ಹೇಳಲಿಲ್ಲ. ಹಾಗೆ ಮಾಡಲು ಎಡೆಯೇ ಇಲ್ಲದಂತೆ ಕೆಲಸ ನಡೆಯಬೇಕಾಗಿತ್ತು ಎಂಬುದು ಅದರ ತಾತ್ಪರ್ಯ. ಆ ಸಾಕ್ಷ್ಯವನ್ನು ಪಕ್ಕಕ್ಕಿಟ್ಟರು.

ಇನ್ನೊಂದು ನಮ್ಮ ರಾಜ್ಯದ್ದೇ. ಪ್ರಕಾಶ್ ವಿರುದ್ಧ ಕರ್ನಾಟಕ ರಾಜ್ಯ ಎಂದು ಕಾನೂನು ಪುಸ್ತಕಗಳಲ್ಲಿರುವ ಈ ಮೊಕದ್ದಮೆಯೂ ಕೊಲೆಯದೇ. ಕೆಳಗಿನ ಕೋರ್ಟು ಬಿಡುಗಡೆ ಮಾಡಿತು, ಹೈಕೋರ್ಟು ಶಿಕ್ಷೆ ಕೊಟ್ಟಿತು, 2014ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಮತ್ತೆ ಬಿಡುಗಡೆ ಮಾಡಿತು. ಅಲ್ಲಿ ಬೆರಳಚ್ಚೂ ಇತ್ತು, ಕಂಡವರ ಸಾಕ್ಷಿಯೂ ಇತ್ತು. ಆದರೆ ಬೆರಳಚ್ಚನ್ನು ತನಿಖಾಧಿಕಾರಿ ಮ್ಯಾಜಿಸ್ಟ್ರೇಟರ ಆಜ್ಞೆಯಿಲ್ಲದೆ ತೆಗೆದಿದ್ದ. ಆಪಾದಿತನನ್ನು ಮುಂಚೆ ಅರಿಯದ ಸಾಕ್ಷಿಗಳಿಂದ ಗುರುತಿನ ಪರೇಡು ಮಾಡಿಸಿರಲಿಲ್ಲ. ಅಲ್ಲಿಗೆ ಎರಡೂ ಕಂಬ ಅಲುಗಾಡಿದವು. ಪರೇಡನ್ನು ಆಪಾದಿತ ಹಕ್ಕೆಂದು ಕೇಳುವಂತಿಲ್ಲ, ಆದರೆ ಸಾಕ್ಷಿಗೆ ಆತ ಪೂರಾ ಅಪರಿಚಿತನಾಗಿದ್ದರೆ ಮಾಡಿಸುವುದೇ ಲೇಸು ಎಂಬ ಮಾತನ್ನೂ ಅದೇ ತೀರ್ಪು ಹೇಳುತ್ತದೆ.

ಗುರುತಿನ ಪರೇಡು ಎಂದರೇನು ಎಂದು ಕೆಲವರು ಕೇಳಬಹುದು. ಆಪಾದಿತನನ್ನು ಅವನಂತೆಯೇ ವಯಸ್ಸು, ಮೈಕಟ್ಟು, ಉಡುಪು ಇರುವ ಹಲವರ ನಡುವೆ ನಿಲ್ಲಿಸುತ್ತಾರೆ. ಸಾಮಾನ್ಯವಾಗಿ ಜೈಲಿನಲ್ಲಿ, ಮ್ಯಾಜಿಸ್ಟ್ರೇಟರ ಮುಂದೆ ನಡೆಯುತ್ತದೆ. ಪೋಲೀಸರು ಅಲ್ಲಿ ಇರಕೂಡದು. ಸಾಕ್ಷಿ ಒಬ್ಬೊಬ್ಬನಾಗಿ ಬಂದು ಮುಟ್ಟಿ ತೋರಿಸಬೇಕು. ಹಿಂದೆ ಇದ್ದ 54-ಎ ಕಲಮು ಈಗ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 54ನೆಯ ಕಲಮಾಗಿದೆ. ಈ ಪರೇಡು ತಾನೇ ಪೂರ್ಣ ಸಾಕ್ಷ್ಯವಲ್ಲ. ಮುಂದೆ ಕೋರ್ಟಿನ ಕಟಕಟೆಯಲ್ಲಿ ಸಾಕ್ಷಿ ಆಡುವ ಮಾತಿಗೆ ಅದು ಒತ್ತಾಸೆ ಅಷ್ಟೆ. ಪರೇಡಿಗೆ ಮುಂಚೆ ಸಾಕ್ಷಿಗೆ ಆಪಾದಿತನ ಮುಖವನ್ನಾಗಲಿ ಫೋಟೋವನ್ನಾಗಲಿ ತೋರಿಸಿಬಿಟ್ಟಿದ್ದರೆ ಆ ಒತ್ತಾಸೆಯೂ ಉಳಿಯುವುದಿಲ್ಲ. ಠಾಣೆಯ ಬೆಂಚಿನ ಮೇಲೆ ಕೂರಿಸಿ "ಇವನೇ ಅಲ್ಲವೇ, ಸರಿಯಾಗಿ ನೋಡಿಕೊಳ್ಳಿ" ಎಂದು ತೋರಿಸಿದ ಮೇಲೆ ಪರೇಡು ಬೊಂಬೆಯಾಟ. ಆದ್ದರಿಂದಲೇ ದಸ್ತಗಿರಿಯಾದವನನ್ನು ಮುಖ ಮುಚ್ಚಿ ಕರೆದೊಯ್ಯುವುದು; ಅದು ಅವಮಾನವಲ್ಲ, ಅವನ ರಕ್ಷಣೆ. ಮುಚ್ಚದಿದ್ದರೆ ಕೇಳಿ ಮುಚ್ಚಿಸಿಕೊಳ್ಳಬೇಕು. ಇಪ್ಪತ್ತನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದಾಗ ಮೊದಲ ಮಾತಾಗಿಯೇ ಹೇಳಬೇಕು: "ಸ್ವಾಮಿ, ಠಾಣೆಯಲ್ಲಿ ನನ್ನನ್ನು ಇಂಥವರಿಗೆ ತೋರಿಸಿದ್ದಾರೆ, ನನ್ನ ಫೋಟೋ ತೆಗೆದಿದ್ದಾರೆ." ಅದನ್ನು ಬರೆದುಕೊಳ್ಳಿ ಎಂದು ವಿನಂತಿಸಬೇಕು. ಎರಡು ತಿಂಗಳಾದ ಮೇಲೆ ಹೇಳಿದರೆ ವಕೀಲರು ಕಲಿಸಿದ ಮಾತು ಎನ್ನುತ್ತಾರೆ.

ನೋಡಿದವರ ಕಣ್ಣು ಎಷ್ಟು ಮೋಸಮಾಡುತ್ತದೆ ಎಂಬುದಕ್ಕೆ ಲಂಡನಿನ ಅಡಾಲ್ಫ್ ಬೆಕ್ ಎಂಬಾತನ ಕಥೆಯಿದೆ. ವಂಚನೆಗೆ ಒಳಗಾದ ಅನೇಕ ಹೆಂಗಸರು "ಇವನೇ" ಎಂದು ಪ್ರಮಾಣ ಮಾಡಿ 1896ರಲ್ಲಿ ಆತನಿಗೆ ಸೆರೆವಾಸವಾಯಿತು. 1904ರಲ್ಲಿ ಮತ್ತೆ ಬೇರೆ ಹೆಂಗಸರು ಅವನನ್ನೇ ತೋರಿಸಿದರು. ಕೊನೆಗೆ ನಿಜವಾದ ವಂಚಕ ಸಿಕ್ಕಿಬಿದ್ದ. ಜೈಲಿನ ಹಳೆಯ ದಾಖಲೆಯಲ್ಲಿದ್ದ ಮೈಗುರುತೇ ಇಬ್ಬರೂ ಬೇರೆಯೆಂದು ಹೇಳುತ್ತಿತ್ತು, ಅದನ್ನು ಯಾರೂ ಲಕ್ಷ್ಯಕ್ಕೆ ತಂದುಕೊಂಡಿರಲಿಲ್ಲ. ಆ ಹೆಂಗಸರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ ಎಂಬುದೇ ಇದರಲ್ಲಿ ಹೆದರಿಕೆಯ ಸಂಗತಿ.

ಈಗ ಗುಂಪಿನ ಮಾತಿಗೆ ಬರುತ್ತೇನೆ. ಕಾರ್ಮಿಕ ಕಾನೂನಿನ ಕೈಗೆ ಸಿಕ್ಕುವುದು ಹೆಚ್ಚಾಗಿ ಗುಂಪಿನಲ್ಲಿ. 2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದ ವಿಸ್ಟ್ರಾನ್ ಫೋನ್ ಕಾರ್ಖಾನೆಯಲ್ಲಿ ಏನಾಯಿತೆಂಬುದು ನಿಮಗೆ ನೆನಪಿರಬೇಕು. ಗುತ್ತಿಗೆಯ ಮೇಲೆ ಬಂದ ಹುಡುಗರಿಗೆ ಸಂಬಳ ಸರಿಯಾಗಿ ಸಿಕ್ಕಿರಲಿಲ್ಲ. ಪಾಳಿ ಮುಗಿಸಿದವರು ರೊಚ್ಚಿಗೆದ್ದು ಗಾಜು ಒಡೆದರು, ವಾಹನ ಉರುಳಿಸಿದರು. ಅದು ಸರಿಯೆಂದು ಈ ವೇದಿಕೆಯಿಂದ ನಾನು ಹೇಳಲಾರೆ. ಮೊದಲು ದೂರಿನಲ್ಲಿ 437 ಕೋಟಿ ರೂಪಾಯಿ ನಷ್ಟ ಎಂದು ಬರೆಯಿತು ಕಂಪನಿ. ಆಮೇಲೆ ತೈವಾನಿನ ಷೇರು ಪೇಟೆಗೆ ಹೇಳಿದ ಲೆಕ್ಕ ಅದರ ಎಂಟರಲ್ಲಿ ಒಂದು ಪಾಲನ್ನೂ ಮುಟ್ಟಲಿಲ್ಲ. ಕೆಲವರಿಗೆ ಸಂಬಳ ಸರಿಯಾಗಿ, ಸಕಾಲಕ್ಕೆ ಸಿಕ್ಕಿರಲಿಲ್ಲವೆಂದು ಒಂದೇ ವಾರದಲ್ಲಿ ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು. ಅಷ್ಟರಲ್ಲಿ ನೂರಕ್ಕೂ ಮೀರಿ ಹುಡುಗರು ದಸ್ತಗಿರಿಯಾಗಿದ್ದರು. ಕ್ಯಾಮೆರಾದ ಚಿತ್ರ ನೋಡಿ ಗುರುತು ಹಿಡಿಯುವ ಕೆಲಸ ಅಲ್ಲಿ ದೊಡ್ಡದಾಗಿ ನಡೆಯಿತು.

ಇಲ್ಲಿ ಎರಡು ಮಾತು ಬೇರೆಬೇರೆಯಾಗಿ ನೋಡಬೇಕು. ಆ ಹೊತ್ತಿಗೆ ಆ ಅಂಗಳದಲ್ಲಿ ಒಬ್ಬ ಇದ್ದನೆಂದು ಚಿತ್ರ ತೋರಿಸುತ್ತದೆ. ಅಲ್ಲಿ ಕೆಲಸ ಮಾಡುವವನು ಅಲ್ಲಿ ಇಲ್ಲದೆ ಎಲ್ಲಿರಬೇಕು? ಅವನ ಕೈ ಏನು ಮಾಡಿತು ಎಂಬುದು ಎರಡನೆಯ ಪ್ರಶ್ನೆ. ಅದಕ್ಕೆ ಉತ್ತರ ಪ್ರತಿ ಚಿತ್ರದಲ್ಲೂ ಇರುವುದಿಲ್ಲ. ದೊಡ್ಡ ಗುಂಪಿನ ಮೊಕದ್ದಮೆಯಲ್ಲಿ ಒಬ್ಬ ಸಾಕ್ಷಿಯ ಮಾತು ಸಾಲದು, ಒಬ್ಬೊಬ್ಬ ಆಪಾದಿತನ ಮೇಲೂ ಎರಡು ಮೂರು ಸಾಕ್ಷಿಗಳಾದರೂ ಒಂದೇ ರೀತಿ ಹೇಳುವುದು ಮೇಲು ಎಂದು 1964ರಲ್ಲೇ ಮಸಾಲ್ತಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ವಿವೇಕದ ಒಂದು ಅಳತೆಗೋಲು ಕೊಟ್ಟಿದೆ. ಕ್ಯಾಮೆರಾ ಬಂದ ಮಾತ್ರಕ್ಕೆ ಆ ವಿವೇಕ ಹಳತಾಗಲಿಲ್ಲ.

ಈಗಂತೂ ಮುಖವನ್ನು ಯಂತ್ರವೇ ಗುರುತಿಸುತ್ತದೆಯಂತೆ. ನಮ್ಮ ಬೆಂಗಳೂರಿನಲ್ಲಿ ನಿರ್ಭಯಾ ನಿಧಿಯ ಸುರಕ್ಷಿತ ನಗರ ಯೋಜನೆಯಲ್ಲಿ ಏಳು ಸಾವಿರಕ್ಕೂ ಹೆಚ್ಚು ಕ್ಯಾಮೆರಾ ಹಾಕಿದ್ದಾರೆ, ಮುಖ ಗುರುತಿಸುವ ಏರ್ಪಾಡೂ ಅದರಲ್ಲಿ ಸೇರಿದೆ. ಹೆಣ್ಣುಮಕ್ಕಳ ರಕ್ಷಣೆಗೆಂದು ಬಂದದ್ದು. ರಾತ್ರಿ ಪಾಳಿ ಮುಗಿಸಿ ಬರುವ ತಾಯಂದಿರಿಗೆ ಅದರಿಂದ ಧೈರ್ಯವಾದರೆ ಸಂತೋಷ. ಆದರೆ ಯಂತ್ರ "ಇವನೇ" ಎಂದು ಹೇಳುವುದಿಲ್ಲ, "ಇಷ್ಟು ಪಾಲು ಹೋಲುತ್ತಾನೆ" ಎನ್ನುತ್ತದೆ. ನೂರಕ್ಕೆ ಎಂಬತ್ತು ಹೋಲಿಕೆ ಬಂದರೆ ತಾಳೆಯಾಯಿತೆಂದು ಲೆಕ್ಕ ಹಿಡಿಯುತ್ತೇವೆಂದು ದೆಹಲಿ ಪೋಲೀಸರು 2022ರಲ್ಲಿ ಮಾಹಿತಿ ಹಕ್ಕಿನ ಉತ್ತರದಲ್ಲಿ ತಿಳಿಸಿದ್ದರು. ನಿಮ್ಮಲ್ಲಿ ಯಾರಾದರೂ ನೂರು ಗ್ರಾಂ ಬೆಳ್ಳಿಗೆ ಎಂಬತ್ತು ತೂಗಿ ಕೊಟ್ಟರೆ ಗಿರಾಕಿ ಸುಮ್ಮನಿರುತ್ತಾನೆಯೇ? ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ 2020ರ ಜನವರಿಯಲ್ಲಿ ರಾಬರ್ಟ್ ವಿಲಿಯಮ್ಸ್ ಎಂಬ ಕರಿಯ ಗೃಹಸ್ಥನನ್ನು, ಯಂತ್ರ ಹೇಳಿತೆಂದು ಹೆಂಡತಿ ಮಕ್ಕಳ ಕಣ್ಣೆದುರಿಗೆ ಕೈಕೋಳ ಹಾಕಿ ಎಳೆದೊಯ್ದರು. ಕದ್ದವನು ಆತನಲ್ಲವೇ ಅಲ್ಲ.

ಇನ್ನು ಕಾಯಿದೆಯ ಮಾತು. ಇದೇ ನಾನು ಬಂದ ಮುಖ್ಯ ಕೆಲಸ, ಸ್ವಲ್ಪ ತಾಳ್ಮೆಯಿರಲಿ.

1920ರಲ್ಲಿ ಬ್ರಿಟಿಷರು ಕೈದಿಗಳನ್ನು ಗುರುತಿಸುವ ಕಾಯಿದೆ ಮಾಡಿದರು. ಪರದೇಶಿ ಸರ್ಕಾರ, ನಮ್ಮನ್ನು ಅದುಮಿ ಹಿಡಿಯಲು ಮಾಡಿದ್ದು. ಆದರೂ ಅದರ 7ನೆಯ ಕಲಮು ಏನು ಹೇಳುತ್ತಿತ್ತು? ಹಿಂದೆ ಶಿಕ್ಷೆಯಾಗದ ಮನುಷ್ಯ ವಿಚಾರಣೆಯಿಲ್ಲದೆ ಬಿಡುಗಡೆಯಾದರೆ, ಇಲ್ಲವೆ ಖುಲಾಸೆಯಾದರೆ, ಅವನ ಅಳತೆ, ಫೋಟೋ, ಅದರ ನೆಗೆಟಿವ್, ಪ್ರತಿಗಳು ಎಲ್ಲವನ್ನೂ ನಾಶಮಾಡಬೇಕು ಅಥವಾ ಅವನ ಕೈಗೇ ಕೊಡಬೇಕು. ಬೇಡವೆನ್ನುವುದಾದರೆ ಕೋರ್ಟಾಗಲಿ ಮ್ಯಾಜಿಸ್ಟ್ರೇಟರಾಗಲಿ ಅಪ್ಪಣೆ ಮಾಡಬೇಕು. ಒಂದು ವರ್ಷಕ್ಕೆ ಕಡಮೆ ಕಠಿಣ ಸಜೆಯ ಅಪರಾಧದಲ್ಲಿ ದಸ್ತಗಿರಿಯಾದವನ ಬೆರಳಿಗೆ ಆ ಕಾಯಿದೆಯಂತೆ ಪೋಲೀಸರು ತಾವಾಗಿ ಮಸಿ ಹಚ್ಚುವಂತಿರಲಿಲ್ಲ.

ಆ ಕಾಯಿದೆಯನ್ನು ನಮ್ಮ ಪಾರ್ಲಿಮೆಂಟು 2022ರಲ್ಲಿ ತೆಗೆದುಹಾಕಿ ಹೊಸದನ್ನು ಮಾಡಿತು. 2022ರ ಆಗಸ್ಟ್ 4ರಿಂದ ಅದು ಜಾರಿಯಲ್ಲಿದೆ. ಅದರಂತೆ ಯಾವುದೇ ಅಪರಾಧದಲ್ಲಿ ದಸ್ತಗಿರಿಯಾದವನಾದರೂ ಸರಿ, ಮುನ್ನೆಚ್ಚರಿಕೆಯ ಬಂಧನದಲ್ಲಿರುವವನಾದರೂ ಸರಿ, ಅಳತೆ ಕೊಡಬೇಕು. ಅಳತೆಯೆಂದರೆ ಬೆರಳು, ಅಂಗೈ, ಕಾಲಿನ ಅಚ್ಚು, ಫೋಟೋ, ಕಣ್ಣಿನ ಪಾಪೆಯ ಚಿತ್ರ, ಸಹಿ, ಕೈಬರಹ, ರಕ್ತ ಕೂದಲು ಮುಂತಾದ ದೇಹದ ಮಾದರಿ. ಮುಂಚೆ ಸಬ್ ಇನ್‌ಸ್ಪೆಕ್ಟರ್ ಮಟ್ಟದವರಿಗೆ ಇದ್ದ ಅಧಿಕಾರ ಈಗ ಹೆಡ್ ಕಾನ್‌ಸ್ಟೇಬಲ್‌ವರೆಗೆ ಇಳಿದಿದೆ. ಕೊಡೆನೆಂದು ಅಡ್ಡಿ ಮಾಡಿದರೆ ಅದೇ ಒಂದು ಅಪರಾಧ, ಮೂರು ತಿಂಗಳವರೆಗೆ ಸಜೆ. ತೆಗೆದದ್ದು ದೆಹಲಿಯ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋಕ್ಕೆ ಹೋಗಿ ಸೇರುತ್ತದೆ. ಎಷ್ಟು ಕಾಲಕ್ಕೆ? 75 ವರ್ಷಕ್ಕೆ. ಹತ್ತೊಂಬತ್ತು ವರ್ಷದ ಹುಡುಗನ ಬೆರಳು ಅವನಿಗೆ ತೊಂಬತ್ತನಾಲ್ಕಾಗುವವರೆಗೆ ಅಲ್ಲಿರುತ್ತದೆ. ಅಷ್ಟು ಕಾಲ ನಮ್ಮ ಮಂದಿ ಬದುಕುವುದೇ ಅಪರೂಪ; ಬೆರಳು ಮಾತ್ರ ಬದುಕುತ್ತದೆ.

ಈ ಕಾಯಿದೆಯಲ್ಲೂ ನಮ್ಮ ಕೈಗೆ ಸಿಗುವ ಹಿಡಿಗಳಿವೆ. ಅವನ್ನು ಮನೆಗೆ ಕಟ್ಟಿಕೊಂಡು ಹೋಗಿ.

ಏಳು ವರ್ಷಕ್ಕಿಂತ ಕಡಮೆ ಶಿಕ್ಷೆಯ ಅಪರಾಧವಾಗಿದ್ದು, ಅದು ಹೆಂಗಸರ ಮೇಲೋ ಮಕ್ಕಳ ಮೇಲೋ ನಡೆದದ್ದಲ್ಲದಿದ್ದರೆ, ದಸ್ತಗಿರಿಯಾದವನು ರಕ್ತ ಕೂದಲು ಮುಂತಾದ ದೇಹದ ಮಾದರಿ ಕೊಡಲೇಬೇಕೆಂದಿಲ್ಲ. ಬೆರಳಿಗೆ ಈ ರಿಯಾಯಿತಿಯಿಲ್ಲ, ರಕ್ತಕ್ಕಿದೆ. ಗುಂಪುಗೂಡಿದರು, ದೊಂಬಿ ಮಾಡಿದರು ಎಂದಷ್ಟೇ ಹಾಕುವ ಮೊಕದ್ದಮೆಗಳೆಲ್ಲ ಏಳು ವರ್ಷದ ಕೆಳಗಿನವೇ.

ಎರಡನೆಯದು ಮುಷ್ಕರ ಮಾಡುವವರೆಲ್ಲ ಬಾಯಿಪಾಠ ಮಾಡಬೇಕಾದದ್ದು. 2022ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳ ಪ್ರಕಾರ, ಬರೀ ನಿಷೇಧಾಜ್ಞೆ ಮೀರಿದ್ದಕ್ಕಾಗಿ, ಅಂದರೆ ನೀವೆಲ್ಲ ಬಲ್ಲ ಹಳೆಯ 144ಕ್ಕಾಗಿ, ಅಥವಾ ಹಳೆಯ 151ರ ಮುಂಜಾಗ್ರತೆಯ ದಸ್ತಗಿರಿಗಾಗಿ ಯಾರ ಅಳತೆಯನ್ನೂ ತೆಗೆಯುವಂತಿಲ್ಲ. ಬೇರೆ ಯಾವುದಾದರೂ ಅಪರಾಧದಲ್ಲಿ ಅವನ ಮೇಲೆ ಆಪಾದನೆ ಇರಬೇಕು. ಈ ಕಲಮುಗಳ ನಂಬರು ಹೊಸ ಸಂಹಿತೆಯಲ್ಲಿ 163, 170 ಆಗಿದೆ. ಗೇಟಿನ ಮುಂದೆ ಕೂತವರನ್ನು ವ್ಯಾನಿಗೆ ತುಂಬಿ ಕಲ್ಯಾಣಮಂಟಪದಲ್ಲಿ ಕೂರಿಸಿ ಸಂಜೆಗೆ ಬಿಡುತ್ತಾರಲ್ಲ, ಆಗ ಯಾರಾದರೂ ಬೆರಳಚ್ಚಿನ ಯಂತ್ರ ಹಿಡಿದು ಸಾಲಾಗಿ ಬಂದರೆ, ಜಗಳ ಬೇಡ, ಕೈ ಮುಗಿದು ಕೇಳಿ: "ಸ್ವಾಮಿ, ನಮ್ಮನ್ನು ಯಾವ ಕಲಮಿನಲ್ಲಿ ಹಿಡಿದಿದ್ದೀರಿ?" ಯಾವ ಕಾರಣಕ್ಕೆ ದಸ್ತಗಿರಿ ಎಂದು ತಿಳಿಸುವುದು ಅವರ ಕರ್ತವ್ಯ, ಸಂವಿಧಾನವೇ ವಿಧಿಸಿದ್ದು.

ರಾತ್ರಿ ಗಸ್ತಿನವರು ಅಂಥ ಕೈಯಂತ್ರ ಹಿಡಿದು ಬೀದಿಯಲ್ಲಿ ಬೆರಳು ನೋಡುವ ಪದ್ಧತಿಯೂ ನಮ್ಮ ನಗರಕ್ಕೆ ಬಂದಿದೆ. ಕಾಯಿದೆ ಹೇಳುವುದು ಶಿಕ್ಷೆಯಾದವರ, ದಸ್ತಗಿರಿಯಾದವರ, ಬಂಧನದಲ್ಲಿರುವವರ, ಜಾಮೀನು ಮುಚ್ಚಳಿಕೆಗೆ ಆಜ್ಞೆಯಾದವರ ಮಾತನ್ನು. ಉಳಿದವರಿಗೆ ಮ್ಯಾಜಿಸ್ಟ್ರೇಟರ ಆಜ್ಞೆ ಬೇಕು. ಎರಡನೆಯ ಪಾಳಿ ಮುಗಿಸಿ ಊಟದ ಡಬ್ಬಿ ಹಿಡಿದು ಮನೆಗೆ ಹೋಗುವವನು ಇದರಲ್ಲಿ ಯಾವ ಸಾಲಿಗೂ ಸೇರಿದವನಲ್ಲ.

ಮೂರನೆಯದು ಅಳಿಸುವ ಮಾತು. ಹಿಂದೆ ಶಿಕ್ಷೆಯಾಗದವನು ವಿಚಾರಣೆಯಿಲ್ಲದೆ ಬಿಡುಗಡೆಯಾದರೆ, ಅಥವಾ ಅಪೀಲುಗಳೆಲ್ಲ ಮುಗಿದು ಖುಲಾಸೆಯಾದರೆ, ದಾಖಲೆ ನಾಶವಾಗತಕ್ಕದ್ದು ಎಂದು ಹೊಸ ಕಾಯಿದೆಯೂ ಹೇಳುತ್ತದೆ. ಆದರೆ ನಿಯಮಗಳ ಪ್ರಕಾರ ಅದಕ್ಕೆ ಅರ್ಜಿ ಬೇಕು. ರಾಜ್ಯ ಸರ್ಕಾರ ನೇಮಿಸುವ ನೋಡಲ್ ಅಧಿಕಾರಿಗೆ ಅರ್ಜಿ ಹೋಗಬೇಕು. ಬೇರೆ ಮೊಕದ್ದಮೆಗೆ ಆ ದಾಖಲೆ ಸಂಬಂಧಿಸಿಲ್ಲವೆಂದು ನೋಡಿ ಆತ ದೆಹಲಿಗೆ ಶಿಫಾರಸು ಮಾಡಬೇಕು. ಹಳೆಯ ಕಾಯಿದೆಯಲ್ಲಿ ಅಳಿಸುವ ಹೊರೆ ಸರ್ಕಾರದ ತಲೆಯ ಮೇಲಿತ್ತು, ಈಗ ಕೇಳುವ ಹೊರೆ ನಿಮ್ಮ ತಲೆಗೆ ಬಂತು. ಆರು ವರ್ಷ ಕೋರ್ಟು ಅಲೆದು, ಅರ್ಧ ಸಂಬಳ ಕಳೆದುಕೊಂಡು "ನಿರ್ದೋಷಿ" ಎನ್ನಿಸಿಕೊಂಡವನಿಗೆ ಇನ್ನೊಂದು ಅರ್ಜಿ ಹಾಕಬೇಕೆಂದು ಯಾರು ಹೇಳುತ್ತಾರೆ? ಅವನು ಸಿಹಿ ಹಂಚಿ ಕೆಲಸಕ್ಕೆ ಹೋಗುತ್ತಾನೆ. ಬೆರಳು ದೆಹಲಿಯಲ್ಲಿ ಉಳಿಯುತ್ತದೆ. ನನಗೆ ಈ ಕಾಯಿದೆಯಲ್ಲಿ ಎಲ್ಲಕ್ಕಿಂತ ಚುಚ್ಚುವುದು ಇದು.

ಬಾಯಿಗೂ ಮೈಗೂ ಕಾನೂನು ಮಾಡುವ ವ್ಯತ್ಯಾಸವನ್ನೂ ತಿಳಿದಿರಿ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಬಲಾತ್ಕರಿಸಕೂಡದೆಂದು ಸಂವಿಧಾನದ 20ನೆಯ ವಿಧಿ ಹೇಳುತ್ತದೆ. ಬೆರಳಚ್ಚು, ಕೈಬರಹ ಕೊಡುವುದು ಸಾಕ್ಷಿ ಹೇಳಿದಂತಲ್ಲ ಎಂದು 1961ರಲ್ಲಿ ಹನ್ನೊಂದು ನ್ಯಾಯಾಧೀಶರ ಪೀಠ ಕಾಠಿ ಕಾಲು ಮೊಕದ್ದಮೆಯಲ್ಲಿ ತೀರ್ಮಾನಿಸಿತು. ಆದರೆ ಮದ್ದು ಚುಚ್ಚಿ ಅರೆಮಂಪರಿನಲ್ಲಿ ಮಾತಾಡಿಸುವ ಪರೀಕ್ಷೆ ಬೇರೆ. ಅದಕ್ಕೆ ನಮ್ಮ ಬೆಂಗಳೂರು, ಮಡಿವಾಳದ ಪ್ರಯೋಗಾಲಯದಿಂದಾಗಿ, ದೇಶಕ್ಕೆಲ್ಲ ಹೆಸರಾಗಿತ್ತು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಮೊಕದ್ದಮೆಯಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟು, ಮನುಷ್ಯನ ಒಪ್ಪಿಗೆಯಿಲ್ಲದೆ ಮದ್ದಿನ ಪರೀಕ್ಷೆ, ಸುಳ್ಳುಪತ್ತೆ ಯಂತ್ರ, ಮೆದುಳಿನ ಪರೀಕ್ಷೆ ಯಾವುದೂ ಕೂಡದೆಂದಿತು. ಒಪ್ಪಿಗೆಯನ್ನೂ ಮ್ಯಾಜಿಸ್ಟ್ರೇಟರ ಮುಂದೆ, ವಕೀಲರ ನೆರವಿನೊಡನೆ ಕೊಡಬೇಕು. "ಸಹಿ ಹಾಕು, ಬೇಗ ಬಿಡುತ್ತೇವೆ" ಎಂದು ಠಾಣೆಯಲ್ಲಿ ಹೇಳಿಸಿದ್ದು ಒಪ್ಪಿಗೆಯಲ್ಲ.

ವರ್ತಕ ಮಿತ್ರರಿಗೆ ಎರಡು ಮಾತು. ನಿಮ್ಮ ಅಂಗಡಿಯ ಕ್ಯಾಮೆರಾ ಈಗ ಊರಿಗೆಲ್ಲ ಸಾಕ್ಷಿ. ಬೀದಿಯಲ್ಲಿ ಸರ ಕಿತ್ತುಕೊಂಡರೆ ಪೋಲೀಸರು ಮೊದಲು ಬರುವುದು ನಿಮ್ಮ ಬಳಿಗೆ. ಸಹಾಯ ಮಾಡಿ. ಆದರೆ ಡಿ.ವಿ.ಆರ್. ಪೆಟ್ಟಿಗೆಯನ್ನೇ ಬಿಚ್ಚಿ ಕೊಟ್ಟು ಸುಮ್ಮನೆ ಕೂರಬೇಡಿ. ಲಿಖಿತ ನೋಟೀಸು ಕೇಳಿ, ತೆಗೆದುಕೊಂಡದ್ದಕ್ಕೆ ಮಹಜರಿನ ಪ್ರತಿ ಕೇಳಿ. ಹೊಸ ಸಾಕ್ಷ್ಯ ಕಾಯಿದೆಯ 63ನೆಯ ಕಲಮಿನಂತೆ ಚಿತ್ರದ ಪ್ರತಿಯ ಜೊತೆಗೆ ಒಂದು ಪ್ರಮಾಣಪತ್ರ ಬೇಕು, ಅದರಲ್ಲಿ ಯಂತ್ರದ ಉಸ್ತುವಾರಿಯವನ ಸಹಿ ಇರಬೇಕು, ಅಂದರೆ ನಿಮ್ಮದೇ. ಹ್ಯಾಷ್ ಎಂಬ ಒಂದು ಉದ್ದದ ಸಂಖ್ಯೆಯನ್ನೂ ಅದರಲ್ಲಿ ಬರೆಯಬೇಕು. ಅದು ಆ ಕಡತದ ಬೆರಳಚ್ಚು ಎಂದುಕೊಳ್ಳಿ. ಚಿತ್ರದಲ್ಲಿ ಒಂದು ಚುಕ್ಕೆ ಬದಲಾದರೂ ಸಂಖ್ಯೆ ಬದಲಾಗುತ್ತದೆ. ಸಂಖ್ಯೆ ಬರೆಯದ ಕಾಗದಕ್ಕೆ ಸಹಿ ಹಾಕಿದರೆ, ಆಮೇಲೆ ಪಾಟೀಸವಾಲಿನಲ್ಲಿ ಬೆವರು ಸುರಿಸುವವರು ನೀವು.

ಎರಡನೆಯದು ನಿಮ್ಮ ಸ್ವಂತ ಬೆರಳು. 2023ರಲ್ಲಿ ಇದೇ ಬೆಂಗಳೂರಿನಲ್ಲಿ, ಮನೆ ನಿವೇಶನದ ಕ್ರಯಪತ್ರಗಳನ್ನು ನೋಂದಣಿ ಇಲಾಖೆಯ ಕಾವೇರಿ ತಾಣದಿಂದ ಇಳಿಸಿಕೊಂಡು, ಅದರಲ್ಲಿದ್ದ ಹೆಬ್ಬೆಟ್ಟಿನ ಗುರುತಿನಿಂದ ನಕಲಿ ಬೆರಳು ಮಾಡಿ, ಆಧಾರ್ ಮೂಲಕ ಜನರ ಬ್ಯಾಂಕಿನ ಹಣ ತೆಗೆದರು. ಬಿಹಾರದ ಇಬ್ಬರನ್ನು ಪೋಲೀಸರು ಹಿಡಿದರು. ಬೀಗದ ಕೈ ಕಳೆದರೆ ಬೀಗ ಬದಲಾಯಿಸಬಹುದು. ಬೆರಳನ್ನು ಯಾವ ಅಂಗಡಿಯಲ್ಲಿ ಕೊಳ್ಳುತ್ತೀರಿ? ಆಧಾರ್ ಕಚೇರಿಯ ತಾಣದಲ್ಲೇ ಬಯೋಮೆಟ್ರಿಕ್ ಬೀಗ ಹಾಕುವ ಏರ್ಪಾಡಿದೆ, ಮಕ್ಕಳಿಂದ ಮಾಡಿಸಿಕೊಳ್ಳಿ. ಆಧಾರಿನಲ್ಲಿರುವ ಬೆರಳು ಪೋಲೀಸರಿಗೆ ಹೋಗುವಂತಿಲ್ಲ. 2014ರಲ್ಲಿ ಗೋವೆಯ ಒಂದು ಮೊಕದ್ದಮೆಗಾಗಿ ಸಿ.ಬಿ.ಐ. ಆಧಾರ್ ಬೆರಳಚ್ಚನ್ನು ಕೇಳಿದಾಗ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಆಮೇಲೆ ಬಂದ ಆಧಾರ್ ಕಾಯಿದೆಯೂ ಅದನ್ನು ನಿಷೇಧಿಸಿದೆ. ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರು ಹೇಳಿದ ಆ ದೊಡ್ಡ ತೀರ್ಪಿಗೆ ಕಾರಣರಾದ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಅವರು ಕೋರ್ಟಿನ ಮೆಟ್ಟಿಲು ಹತ್ತಿದ್ದು. 2024ರಲ್ಲಿ ತೀರಿಕೊಂಡರು.

ಪೋಲೀಸರ ಮೇಲೆ ನಿಮ್ಮನ್ನು ಎತ್ತಿಕಟ್ಟಲು ನಾನು ಬಂದವನಲ್ಲ. ಕಾನ್‌ಸ್ಟೇಬಲನೂ ಸಂಬಳಕ್ಕೆ ದುಡಿಯುವವನೇ, ಅವನ ಪಾಳಿ ನಿಮ್ಮದಕ್ಕಿಂತ ಉದ್ದ. ಕ್ರಮ ತಪ್ಪಿದರೆ ನಿಜವಾದ ಅಪರಾಧಿಯೂ ತಪ್ಪಿಸಿಕೊಳ್ಳುತ್ತಾನೆಂಬುದು ಅವನಿಗೂ ಗೊತ್ತು. ಹಿತ್ತಾಳೆ ಹೂಜಿಯ ಮೊಕದ್ದಮೆಯಲ್ಲಿ ಸತ್ತವರ ಮನೆಯವರಿಗೂ ನ್ಯಾಯ ಸಿಗಲಿಲ್ಲ. ಠಾಣೆಯಲ್ಲಿ ನಡೆದುದಕ್ಕೂ ಒಂದು ಕಣ್ಣಿರಲೆಂದು 2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟು, ಪ್ರತಿ ಠಾಣೆಯಲ್ಲೂ ಶಬ್ದಸಹಿತ ಕ್ಯಾಮೆರಾ ಇರಬೇಕು, ಅದರ ಚಿತ್ರವನ್ನು 18 ತಿಂಗಳು ಉಳಿಸಬೇಕು, ಅಷ್ಟು ಸಾಧ್ಯವಿಲ್ಲದಿದ್ದರೆ ಒಂದು ವರ್ಷವಾದರೂ ಇಡಬೇಕು ಎಂದು ಆಜ್ಞೆ ಮಾಡಿದೆ. ಠಾಣೆಯಲ್ಲಿ ಸಾಕ್ಷಿಗಳಿಗೆ ತೋರಿಸಿದರು, ಖಾಲಿ ಕಾಗದಕ್ಕೆ ಬೆರಳು ಒತ್ತಿಸಿಕೊಂಡರು ಎಂದು ಯಾರಾದರೂ ಹೇಳಿದರೆ, ಆ ದಿನದ ಚಿತ್ರವನ್ನು ಉಳಿಸಿಡಿಸಬೇಕೆಂದು ವಕೀಲರಿಂದ ತಕ್ಷಣ ಕೋರ್ಟಿಗೆ ಅರ್ಜಿ ಹಾಕಿಸಿ.

ಖುಲಾಸೆಯಾದವರು ನಿಮ್ಮಲ್ಲಿ ಎಷ್ಟು ಜನರಿದ್ದೀರೋ ನನಗೆ ಗೊತ್ತಿಲ್ಲ, ಕೈ ಎತ್ತಿ ಎಂದು ಕೇಳುವುದೂ ಇಲ್ಲ. ಇದ್ದರೆ, ತೀರ್ಪಿನ ದೃಢೀಕೃತ ನಕಲನ್ನು ಕೋರ್ಟಿನಿಂದ ಪಡೆಯಿರಿ. ಅಪೀಲಿಲ್ಲವೆಂಬುದನ್ನು ವಕೀಲರಿಂದ ಖಚಿತಪಡಿಸಿಕೊಳ್ಳಿ. ಠಾಣೆಯ ಹೆಸರು, ಮೊಕದ್ದಮೆಯ ನಂಬರು, ದಸ್ತಗಿರಿಯಾದ ದಿನ, ಅಂದು ಏನೇನು ತೆಗೆದರು, ಬೆರಳೋ ಫೋಟೋವೋ ಕಣ್ಣೋ, ಇಷ್ಟನ್ನು ಬರೆದು, 2022ರ ಕಾಯಿದೆಯ 4ನೆಯ ಕಲಮಿನಂತೆ ನನ್ನ ದಾಖಲೆಯನ್ನು ನಾಶಪಡಿಸಬೇಕು ಎಂದು ನೋಡಲ್ ಅಧಿಕಾರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀತಿ ಇಟ್ಟುಕೊಳ್ಳಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಬರೆಯಲು ಬಾರದವರು ಸಭೆ ಮುಗಿದ ಮೇಲೆ ಇಲ್ಲೇ ನಿಲ್ಲಿ, ಕಾಗದ ತಂದಿದ್ದೇನೆ. ಒಬ್ಬೊಬ್ಬರದನ್ನೂ ಕೂತು ಬರೆಯೋಣ.